10 ಮಿ.ಮೀ. ಸ್ಪೇಸರ್‌ಗೆ ಹಳೆಯ ಸ್ಟಡ್ ಸಾಕೇ?

ಹಿಂದಿನ ಚಕ್ರಗಳಿಗೆ 10 ಮಿ.ಮೀ. ದಪ್ಪದ ಸ್ಪೇಸರ್ (ಚಕ್ರ ಕೂರುವ ಹಬ್‌ಗೂ ಚಕ್ರಕ್ಕೂ ನಡುವೆ ಇಡುವ ಲೋಹದ ಬಿಲ್ಲೆ) ಹಾಕಿ, ಕಾರಿನ ಜೊತೆ ಬಂದ ಸ್ಟಡ್‌ಗಳನ್ನೇ (ಹಬ್‌ನಿಂದ ಹೊರಚಾಚಿದ, ಚಕ್ರದ ನಟ್ ಹಾಕುವ ಥ್ರೆಡ್ ಇರುವ ಕಂಬಿಗಳನ್ನೇ) ಉಳಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಬೇಡ ಎನ್ನುವುದೇ ನನ್ನ ಉತ್ತರ, ಕಾರಣವನ್ನು ನೀವೇ ಪರೀಕ್ಷಿಸಬಹುದು. ಸ್ಪೇಸರ್ ಇಟ್ಟು ಚಕ್ರ ಕೂರಿಸಿ, ನಟ್ ಅನ್ನು ಬರಿಗೈಯಲ್ಲಿ ತಿರುಗಿಸುತ್ತಾ, ಅದು ರಿಮ್‌ಗೆ ತಾಗುವ ಹೊತ್ತಿಗೆ ಎಷ್ಟು ಪೂರ್ತಿ ಸುತ್ತು ಆಯಿತೆಂದು ಎಣಿಸಿ. ನಟ್ ಹಿಡಿದಿರುವ ಥ್ರೆಡ್‌ನ ಉದ್ದ ಕನಿಷ್ಠ ಸ್ಟಡ್‌ನ ವ್ಯಾಸದಷ್ಟಾದರೂ ಇರಬೇಕು. ಅಂದರೆ 12 ಮಿ.ಮೀ. ಸ್ಟಡ್‌ಗೆ ಪಿಚ್ (ಎರಡು ಥ್ರೆಡ್‌ಗಳ ನಡುವಿನ ಅಂತರ) 1.5 ಮಿ.ಮೀ. ಇದ್ದರೆ 8 ಸುತ್ತು, 1.25 ಇದ್ದರೆ ಸುಮಾರು 10 ಸುತ್ತು ಬೇಕು. ನಿಮ್ಮ ಸ್ಪೇಸರ್ ಒಂದೇ, 1.5 ಪಿಚ್‌ನಲ್ಲಿ, ಆರೂವರೆಗಿಂತ ಹೆಚ್ಚು ಸುತ್ತನ್ನು ನುಂಗಿಬಿಡುತ್ತದೆ.

ಹೊಸ ಸ್ಟಡ್ ಕೊಳ್ಳುವಾಗ ಉದ್ದಕ್ಕಿಂತ ಹೆಚ್ಚು ಜನ ಎಡವುವುದು ತಲೆಯ ಕೆಳಗಿನ ಗೀರುಗಳಿರುವ ಭಾಗದ ವ್ಯಾಸದಲ್ಲಿ. ಅದು ಸ್ವಲ್ಪ ಸಣ್ಣದಾದರೆ ನಟ್ ಬಿಗಿಯುವಾಗ ಸ್ಟಡ್ಡೇ ಸುತ್ತುತ್ತದೆ, ದೊಡ್ಡದಾದರೆ ಹಬ್‌ನ ರಂಧ್ರ ಹಾಳಾಗುತ್ತದೆ. ಆದ್ದರಿಂದ ಹಳೆಯದೊಂದನ್ನು ಹೊರತೆಗೆದು ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದ ಮೇಲೆಯೇ ಆರ್ಡರ್ ಮಾಡಿ. ಮುಚ್ಚಿದ ತುದಿಯ ನಟ್ ಬಳಸುವುದಾದರೆ ಇನ್ನೊಂದು ಎಚ್ಚರಿಕೆ: ಉದ್ದನೆಯ ಸ್ಟಡ್ ಒಳಗಿನ ತಳಕ್ಕೆ ತಾಗಿದಾಗ ರೆಂಚ್‌ಗೆ ಬಿಗಿಯಾದಂತೆಯೇ ಅನಿಸುತ್ತದೆ, ಚಕ್ರ ಮಾತ್ರ ಸಡಿಲವಾಗಿಯೇ ಇರುತ್ತದೆ.

ಡಿಸ್ಕ್ ಅಥವಾ ಡ್ರಮ್ ಬಿಚ್ಚಿದ ಮೇಲೆ ಹಬ್‌ನ ಹಿಂದೆ ಉದ್ದದ ಸ್ಟಡ್ ತೂರಿಸಲು ಜಾಗ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಹಬ್ಬನ್ನೇ ಇಳಿಸಬೇಕಾಗುತ್ತದೆ, ಎಷ್ಟೋ ಕಾರುಗಳಲ್ಲಿ ಹಾಗೆ ಮಾಡಿದರೆ ಬೇರಿಂಗ್ ಕೂಡ ಬದಲಿಸಬೇಕಾದ ಸ್ಥಿತಿ ಬರುತ್ತದೆ. ಅಂಥ ಕಾರಿಗೆ ಸ್ಪೇಸರ್‌ಗಿಂತ ಬೇರೆ ಆಫ್‌ಸೆಟ್‌ನ (ರಿಮ್‌ನ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖಕ್ಕಿರುವ ದೂರ, ಮಿ.ಮೀ.ಗಳಲ್ಲಿ) ರಿಮ್ಮೇ ವಾಸಿ ಎಂಬುದು ನನ್ನ ಅಭಿಪ್ರಾಯ. ಜಾಗವಿದ್ದರೆ, ಗಟ್ಟಿ ವಾಷರ್‌ಗಳನ್ನು ಸೇರಿಸಿ, ಎಣ್ಣೆ ಹಚ್ಚಿದ ಹಳೆಯ ನಟ್ಟೊಂದನ್ನು ಮಗುಚಿ ಹಾಕಿ, ಇಂಪ್ಯಾಕ್ಟ್ ಗನ್ ಬಳಸದೆ ಕೈ ಸ್ಪ್ಯಾನರ್‌ನಿಂದಲೇ ನಿಧಾನವಾಗಿ ಎಳೆದು ಕೂರಿಸಿ. ಸ್ಟಡ್‌ನ ತಲೆ ಹಿಂದಿನಿಂದ ಹಬ್‌ಗೆ ಸುತ್ತಲೂ ಅಂಟಿರಬೇಕು, ಕೂದಲೆಳೆ ಸಂದು ಉಳಿದರೂ ಮುಂದೆ ಅದು ಜರುಗಿ ನಟ್ ಸಡಿಲಾಗುತ್ತದೆ. ಎಳೆಯಲು ಬಳಸಿದ ಹಳೆಯ ನಟ್ಟನ್ನು ಮತ್ತೆ ಚಕ್ರಕ್ಕೆ ಹಾಕಬೇಡಿ. ಥ್ರೆಡ್‌ನ ಎಣ್ಣೆಯನ್ನೂ ಒರೆಸಿಬಿಡಿ, ಏಕೆಂದರೆ ಕೈಪಿಡಿಯ ಟಾರ್ಕ್ (ಎಷ್ಟು ಬಲದಿಂದ ಬಿಗಿಯಬೇಕೆಂಬ) ಸಂಖ್ಯೆ ಸಾಮಾನ್ಯವಾಗಿ ಒಣ ಥ್ರೆಡ್‌ಗೆ ಕೊಟ್ಟದ್ದು.

ಸ್ಪೇಸರ್ ವಿಚಾರಕ್ಕೆ ಬಂದರೆ, ಹಬ್‌ನ ನಡುವಿನ ಉಬ್ಬನ್ನು ಅದು ಮುಚ್ಚಿಬಿಡುವುದರಿಂದ, ರಿಮ್‌ನ ನಡುರಂಧ್ರಕ್ಕೆ ಸರಿಯಾಗಿ ಕೂರುವ ಉಬ್ಬು ಸ್ಪೇಸರ್‌ಗೇ ಇರಬೇಕು. ಇಲ್ಲದಿದ್ದರೆ ವೇಗದಲ್ಲಿ ಸ್ಟೀರಿಂಗ್ ಅಥವಾ ಸೀಟು ನಡುಗಬಹುದು. ತನ್ನದೇ ಸ್ಟಡ್ ಇರುವ, ಬೋಲ್ಟ್ ಮಾಡುವ ಬಗೆ ಸಾಮಾನ್ಯವಾಗಿ 20 ಮಿ.ಮೀ. ಮೇಲ್ಪಟ್ಟೇ ಸಿಗುವುದರಿಂದ ನಿಮಗೆ ಅದು ಹೊಂದದು.

ಹಬ್ ಮುಖದ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ ತೆಗೆದು, ಎದುರುಬದುರಿನ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಬಿಗಿದು, 50ರಿಂದ 100 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ. 10 ಮಿ.ಮೀ. ಸ್ಪೇಸರ್‌ನಿಂದ ಚಕ್ರ ಅಷ್ಟೇ ಹೊರಗೆ ಬರುವುದರಿಂದ, ಆಫ್‌ಸೆಟ್ 45 ಇದ್ದದ್ದು ಈಗ 35 ಆದಂತಾಗುತ್ತದೆ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ ಒಂದು ಹಂಪ್ ದಾಟಿಸಿದರೆ, ಟೈರ್ ಮಡ್‌ಗಾರ್ಡ್‌ಗೆ ಉಜ್ಜುತ್ತದೆಯೇ ಎಂಬುದು ಅಲ್ಲೇ ತಿಳಿಯುತ್ತದೆ.