ಸಾಸಿವೆ ಡಬ್ಬಿಯಿಂದ ಸಾಲದ ಖಾತೆಗೆ

ಮನೆಸಾಲದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ, ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದು ನಿವೃತ್ತರಾದ ಅಧಿಕಾರಿಯೊಬ್ಬರ ಉತ್ತರ

ಪ್ರಶ್ನೆ: ನಾವು ಮೈಸೂರಿನವರು. ನಾನು ನಂಜನಗೂಡಿನ ಶಾಲೆಯೊಂದರಲ್ಲಿ ಶಿಕ್ಷಕಿ, ನಮ್ಮ ಯಜಮಾನರು ಹೆಬ್ಬಾಳು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿದ್ದಾರೆ. 30 ಲಕ್ಷದ ಮನೆಸಾಲ, 20 ವರ್ಷದ ಅವಧಿ, ಬಡ್ಡಿ ಶೇ 8.5, ತಿಂಗಳ ಕಂತು 26,035 ರೂಪಾಯಿ. ಮೂರು ವರ್ಷದಲ್ಲಿ ಒಂದು ಕಂತೂ ತಪ್ಪಿಸಿಲ್ಲ. ಮೊನ್ನೆ ಸ್ಟೇಟ್‌ಮೆಂಟ್ ತೆಗೆಸಿದರೆ ಇನ್ನೂ 28 ಲಕ್ಷದ ಮೇಲೆ ಬಾಕಿ ತೋರಿಸುತ್ತಿದೆ. ಬ್ಯಾಂಕಿನವರ ಲೆಕ್ಕ ಸರಿಯಿದೆಯೇ? ಸಂಬಳ ಸದ್ಯಕ್ಕೆ ಏರುವ ಸೂಚನೆಯಿಲ್ಲ. ಮನೆಖರ್ಚಿನಲ್ಲೇ ಒಂದಿಷ್ಟು ಉಳಿಸಿ ಸಾಲ ಬೇಗ ತೀರಿಸಬಹುದೇ? ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದು ಯಜಮಾನರು ನಗುತ್ತಾರೆ. ಎರಡು ತಿಂಗಳ ಖರ್ಚಿನ ಪಟ್ಟಿಯನ್ನೂ ಕಳಿಸುತ್ತಿದ್ದೇನೆ.

ಉತ್ತರ: ಲೆಕ್ಕ ಸರಿಯಾಗಿಯೇ ಇದೆ. ನಿಮ್ಮ ಮೊದಲ ಕಂತನ್ನು ಬಿಡಿಸಿ ನೋಡಿ. 30 ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 21,250. ಕಟ್ಟಿದ 26,035ರಲ್ಲಿ ಅದು ಕಳೆದರೆ ಅಸಲಿಗೆ ಹೋದದ್ದು 4,785 ಮಾತ್ರ. ಹೀಗೆ 36 ಕಂತು ಸೇರಿ ನೀವು ಕಟ್ಟಿದ್ದು 9,37,260 ರೂಪಾಯಿ, ಅಸಲು ಇಳಿದದ್ದು ಸುಮಾರು 1.95 ಲಕ್ಷ. (ನಡುವೆ ಬಡ್ಡಿ ದರ ಏರಿಳಿದಿರುತ್ತದೆ. ಲೆಕ್ಕ ಸಲೀಸಾಗಲಿ ಎಂದು ಉದ್ದಕ್ಕೂ 8.5 ಎಂದೇ ಹಿಡಿದಿದ್ದೇನೆ.) ನನ್ನ ಕೌಂಟರಿನ ಮುಂದೆ ಈ ಸ್ಟೇಟ್‌ಮೆಂಟ್ ಹಿಡಿದು ಬೆಪ್ಪಾಗಿ ನಿಂತವರು ಒಬ್ಬಿಬ್ಬರಲ್ಲ.

ಬೇಸರ ತರಿಸುವ ಇದೇ ಲೆಕ್ಕದೊಳಗೆ ನಿಮ್ಮ ಪ್ರಶ್ನೆಗೆ ಉತ್ತರವೂ ಇದೆ. ಆ ತಿಂಗಳ ಬಡ್ಡಿ ಕಂತಿನಲ್ಲೇ ಸಂದಾಯವಾಗಿರುವುದರಿಂದ, ಕಂತಿನ ಮೇಲೆ ನೀವು ಕಟ್ಟುವ ಒಂದೊಂದು ರೂಪಾಯಿಯೂ ನೇರ ಅಸಲಿಗೆ ಹೋಗುತ್ತದೆ. ತಿಂಗಳಿಗೆ 5,000 ಹೆಚ್ಚಿಗೆ ಕಟ್ಟಿದಿರಿ ಎನ್ನಿ. 26 ಸಾವಿರದ ಆ ಮೊದಲ ಕಂತು ಅಸಲಿನಲ್ಲಿ ಮಾಡಿದ ಕೆಲಸಕ್ಕಿಂತ ಈ 5,000 ಮಾಡುವ ಕೆಲಸವೇ ದೊಡ್ಡದು. ಈಗ ಉಳಿದಿರುವ 204 ಕಂತು 145ಕ್ಕೆ ಮುಗಿಯುತ್ತದೆ. ಅಂದರೆ 59 ಕಂತು, ಹತ್ತಿರ ಹತ್ತಿರ ಐದು ವರ್ಷ, ತಪ್ಪುತ್ತದೆ, ಬಡ್ಡಿಯಲ್ಲಿ 8 ಲಕ್ಷಕ್ಕೂ ಮಿಕ್ಕು ಉಳಿತಾಯ. 5,000 ಆಗದು, 3,000 ಅಷ್ಟೇ ಆಗುತ್ತದೆ ಎಂದರೂ 40 ಕಂತು ತಪ್ಪುತ್ತದೆ. ಯಜಮಾನರ ಮಜ್ಜಿಗೆಯ ಗಾದೆ ಇಲ್ಲಿ ಹೊಂದುವುದಿಲ್ಲ.

ಇನ್ನು ಆ 5,000 ಎಲ್ಲಿಂದ ಬರಬೇಕು? ನಿಮ್ಮ ಪಟ್ಟಿಯನ್ನು ಎರಡು ಸಲ ಓದಿದೆ. ಹಾಲು, ಹಣ್ಣು, ಮಗನ ಟ್ಯೂಷನ್, ಅತ್ತೆಯವರ ಮಾತ್ರೆ ಇವುಗಳ ಪಕ್ಕದಲ್ಲಿ ನೀವು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೀರಿ. ಅದನ್ನು ಅಳಿಸಿಬಿಡಿ. ಕಾಫಿಪುಡಿಗೆ ಚಿಕೋರಿ ಹೆಚ್ಚು ಬೆರೆಸಿ ಮನೆಸಾಲ ತೀರಿಸಿದವರನ್ನು ನಾನಂತೂ ಕಂಡಿಲ್ಲ. ಅಂಥ ಕಟ್ಟುನಿಟ್ಟು ಎರಡು ತಿಂಗಳು ನಡೆಯುತ್ತದೆ, ಮೂರನೇ ತಿಂಗಳು ಮನೆಮಂದಿಯೆಲ್ಲ ಸಿಡಿಮಿಡಿ ಎನ್ನುತ್ತಾರೆ.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ ಮೂರು ಸಾಲು. ಮೊದಲನೆಯದು ಪಟ್ಟಿಯಲ್ಲಿ ನೀವು ಬರೆಯದೇ ಬಿಟ್ಟದ್ದು: ಬಸ್ ಚಾರ್ಜು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದಾಗಿನಿಂದ ನಂಜನಗೂಡಿಗೆ ಹೋಗಿಬರಲು ನಿಮಗೆ ಖರ್ಚಿಲ್ಲ, ತಿಂಗಳಿಗೆ 1,100ರಷ್ಟು ಉಳಿಯುತ್ತದೆ ಎಂದು ನೀವೇ ಪತ್ರದ ಕೊನೆಗೆ ಬರೆದಿದ್ದೀರಿ. ಆ 1,100 ಈಗ ಎಲ್ಲಿದೆ? ಪಟ್ಟಿಯಲ್ಲಂತೂ ಇಲ್ಲ. ಅದು ಉಳಿದಿಲ್ಲ, ಬೇರೆ ಯಾವುದರಲ್ಲೋ ಕರಗಿದೆ.

ಇನ್ನು ಮೇಲೆ ಅದನ್ನು ಮೊದಲೇ ಎತ್ತಿಡಿ. ಎರಡನೇ ಸಾಲು ಇನ್ನೊಂದು ಸೋರಿಕೆಯದು. ಹತ್ತು ನಿಮಿಷದಲ್ಲಿ ಸಾಮಾನು ತಂದುಕೊಡುವ ಆ್ಯಪ್‌ನಿಂದ ಒಂದೇ ತಿಂಗಳಲ್ಲಿ 14 ಆರ್ಡರು. ಒಂದನ್ನು ಬಿಡಿಸಿ ಬರೆದಿದ್ದೀರಿ, ಒಳ್ಳೆಯದಾಯಿತು: ಕೊತ್ತಂಬರಿ ಸೊಪ್ಪು ಒಂದು ಕಟ್ಟು, ನಿಂಬೆಹಣ್ಣು ನಾಲ್ಕು, ಚಿಪ್ಸ್ ಎರಡು ಪೊಟ್ಟಣ, ಐಸ್‌ಕ್ರೀಂ ಒಂದು ಡಬ್ಬಿ. ಬೇಕಾಗಿದ್ದದ್ದು ಕೊತ್ತಂಬರಿ ಸೊಪ್ಪು. ಮಿಕ್ಕದ್ದು ಡೆಲಿವರಿ ಚಾರ್ಜು ತಪ್ಪಿಸಲು ಸೇರಿಕೊಂಡದ್ದು, ಅಲ್ಲವೇ? ನಮ್ಮ ಮನೆಯಲ್ಲೂ ಇದೇ ಕತೆ, ಆದ್ದರಿಂದ ಗುರುತು ಹಿಡಿದೆ. ವಾರಕ್ಕೊಮ್ಮೆ ದೇವರಾಜ ಮಾರುಕಟ್ಟೆಗೋ ಬಡಾವಣೆಯ ಸಂತೆಗೋ ಹೋಗಿ ತಂದರೆ ಇದರಲ್ಲಿ 1,200 ಸಲೀಸಾಗಿ ತಗ್ಗುತ್ತದೆ. ಐಸ್‌ಕ್ರೀಂ ತಿನ್ನಬೇಡಿ ಎನ್ನುತ್ತಿಲ್ಲ, ಆಸೆಯಾದ ದಿನ ಹೋಗಿ ತಿಂದು ಬನ್ನಿ.

ಮೂರನೆಯದು ಬೈಕ್ ಸಾಲ. ತಿಂಗಳಿಗೆ 2,700, ಮುಂದಿನ ತಿಂಗಳಿಗೆ ಮುಗಿಯುತ್ತದೆ. ಮೂರರಲ್ಲಿ ದೊಡ್ಡದು ಇದೇ. ಈ ಹಣ ಇಲ್ಲದೆ ಬದುಕುವುದು ನಿಮಗೆ ಆಗಲೇ ಅಭ್ಯಾಸವಾಗಿದೆ. ಬೈಕಿನ ಕೊನೆಯ ಕಂತು ಹೋದ ಮರುತಿಂಗಳಿನಿಂದಲೇ ಅದು ಮನೆಸಾಲಕ್ಕೆ ತಿರುಗಲಿ. ಒಂದೇ ಒಂದು ತಿಂಗಳು ಕೈಯಲ್ಲಿ ಉಳಿದರೂ ಅದಕ್ಕೆ ಹೊಸ ಖರ್ಚೊಂದು ಹುಟ್ಟಿಕೊಳ್ಳುತ್ತದೆ. 1,100, 1,200, 2,700 ಕೂಡಿ ನೋಡಿ: ಸರಿಯಾಗಿ 5,000.

ಕೂಡಿದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ನಮ್ಮಲ್ಲಿ ಹಣ ಕೂಡಿಡುತ್ತಿದ್ದವಳು ನನ್ನ ಹೆಂಡತಿ, ಸಾಸಿವೆ ಡಬ್ಬಿಯಲ್ಲಿ. ನಾಲ್ಕೈದು ಸಾವಿರ ಸೇರುವ ಹೊತ್ತಿಗೆ ಸರಿಯಾಗಿ ಯಾರದೋ ಮದುವೆಯ ಮುಯ್ಯಿ, ಮಿಕ್ಸಿ ರಿಪೇರಿ, ಗೌರಿಹಬ್ಬದ ಬಾಗಿನ ಎದುರಾಗುತ್ತಿತ್ತು. ಡಬ್ಬಿಯಲ್ಲಿ ಮತ್ತೆ ಸಾಸಿವೆ ಮಾತ್ರ. ಕೊನೆಗೆ ಅವಳೇ ಒಂದು ಕ್ರಮ ಮಾಡಿದಳು. ತಿಂಗಳ ಕೊನೆಗೆ ಉಳಿದದ್ದನ್ನು ಕಟ್ಟುವುದಲ್ಲ, ಸಂಬಳ ಬಂದ ಮರುದಿನವೇ ಕಟ್ಟಿ ಉಳಿದದ್ದರಲ್ಲಿ ಸಂಸಾರ. ಆಗ ನಾನು ನೋಟು ಹಿಡಿದು ಶಾಖೆಗೆ ಹೋಗಬೇಕಿತ್ತು. ಈಗ ನೀವು ಮೊಬೈಲಿನಲ್ಲೇ ಸಾಲದ ಖಾತೆಗೆ ಪ್ರತಿ ತಿಂಗಳ 2ನೇ ತಾರೀಕು ಹಣ ತಾನಾಗಿ ಹೋಗುವಂತೆ ಮಾಡಬಹುದು. ಮೊದಲ ಸಲ ಕಟ್ಟಿದಾಗ ಮಾತ್ರ ಸ್ಟೇಟ್‌ಮೆಂಟ್ ತೆಗೆದು ನೋಡಿ. ಕೆಲವು ಕಡೆ ಇದನ್ನು ಮುಂಗಡ ಕಂತು ಎಂದು ಬದಿಗಿಟ್ಟುಬಿಡುತ್ತಾರೆ. ಅಸಲು ಇಳಿದಿರಬೇಕು. ಇಳಿದಿಲ್ಲವೆಂದರೆ ಶಾಖೆಗೆ ಬರೆದುಕೊಟ್ಟು ಸರಿಪಡಿಸಿಕೊಳ್ಳಿ. ಭಾಗಶಃ ಪಾವತಿಗೆ ಕನಿಷ್ಠ ಮೊತ್ತ ನಿಗದಿ ಮಾಡಿರುವ ಸಂಸ್ಥೆಗಳೂ ಇವೆ. ಹಾಗಿದ್ದರೆ ಪ್ರತ್ಯೇಕ ಆರ್‌ಡಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಮಾಡಿ ಆರು ತಿಂಗಳಿಗೊಮ್ಮೆ ಕಟ್ಟಿ.

ದೊಡ್ಡ ಮೊತ್ತ ಕಟ್ಟುವಾಗ ನಾನೇ ಮಾಡಿದ ಒಂದು ತಪ್ಪು ಹೇಳುತ್ತೇನೆ. ಬೋನಸ್ಸು, ಬಾಕಿ ತುಟ್ಟಿಭತ್ಯೆ ಎಂದು ಕೈಗೆ 1 ಲಕ್ಷ ಬಂತು, ಕಟ್ಟಿದಿರಿ ಎನ್ನೋಣ. ಆಗ ಎರಡು ದಾರಿ: ಕಂತು ಇಳಿಸುವುದು, ಅವಧಿ ಇಳಿಸುವುದು. ನಿಮ್ಮ ಸಾಲದಲ್ಲಿ ಕಂತು ಇಳಿಸಿದರೆ ತಿಂಗಳಿಗೆ 928 ರೂಪಾಯಿ ಕಡಿಮೆಯಾಗುತ್ತದೆ. ಅವಧಿ ಇಳಿಸಿದರೆ ಕೊನೆಯ 15 ಕಂತು ಪೂರ್ತಿ ಮಾಯ. ಸಾಲ ವಿಭಾಗದಲ್ಲೇ ಕೂತಿದ್ದ ನಾನು ನನ್ನ ಸ್ವಂತ ಸಾಲಕ್ಕೆ ಅರ್ಜಿ ಬರೆಯುವಾಗ ಅವಧಿ ಇಳಿಸಿ ಎಂದು ನಮೂದಿಸುವುದನ್ನೇ ಮರೆತೆ, ಕಂತು ಇಳಿಯಿತು. ಇಳಿದ ಆ ಚಿಲ್ಲರೆ ಯಾವ ಹೋಟೆಲಿನಲ್ಲಿ ಮಸಾಲೆ ದೋಸೆಯಾಯಿತೋ ಇವತ್ತಿಗೂ ಗೊತ್ತಿಲ್ಲ. ಹೀಗಾಗಿ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಿರಿ: ಕಂತು ಇದ್ದ ಹಾಗೇ ಇರಲಿ, ಅವಧಿ ಕಡಿಮೆ ಮಾಡಿ.

ದಂಡ ಬೀಳುತ್ತದೆ ಎಂಬ ಭಯ ಬೇಡ. ಮನೆಸಾಲ ಪಡೆದ ವ್ಯಕ್ತಿಗಳಿಂದ, ಬಡ್ಡಿ ಬದಲಾಗುವ ಸಾಲವಾಗಿದ್ದರೆ, ಬ್ಯಾಂಕುಗಳು ಅವಧಿಪೂರ್ವ ಪಾವತಿಗೆ ಶುಲ್ಕ ವಸೂಲು ಮಾಡುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2012ರಲ್ಲೇ ಹೇಳಿದೆ. ಸ್ಥಿರ ಬಡ್ಡಿಯ ಸಾಲವಾದರೆ ಕರಾರು ಪತ್ರ ಓದಿಕೊಳ್ಳಿ.

ಒಂದು ಕಡೆ ಮಾತ್ರ ನಿಮ್ಮನ್ನು ತಡೆಯುತ್ತೇನೆ. ಸಾಲಕ್ಕೆ ಕಟ್ಟಿದ ಹಣ ಮತ್ತೆ ಕೈಗೆ ಬರುವುದಿಲ್ಲ. ಓವರ್‌ಡ್ರಾಫ್ಟ್ ಮಾದರಿಯ ಮನೆಸಾಲದಲ್ಲಿ ಮಾತ್ರ ಹೆಚ್ಚುವರಿ ಕಟ್ಟಿದ್ದನ್ನು ಹಿಂದೆ ತೆಗೆಯಬಹುದು. ಯಜಮಾನರದು ಖಾಸಗಿ ನೌಕರಿ ಬೇರೆ. ಆರು ತಿಂಗಳ ಕಂತು ಮತ್ತು ಮನೆಖರ್ಚಿನಷ್ಟು ಹಣ ಎಫ್‌ಡಿಯಲ್ಲಿ ಇಲ್ಲವಾದರೆ ಮೊದಲು ಅದು ಆಗಲಿ. ಮೂರು ತಿಂಗಳು ಕಂತು ನಿಂತರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಬೀಳುತ್ತದೆ. ಹಿಂದಿನ ವರ್ಷ ಹೆಚ್ಚಿಗೆ ಕಟ್ಟಿದ್ದೆ ಎಂಬ ಮಾತು ಆಗ ನಡೆಯುವುದಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿಯೋ ಪರ್ಸನಲ್ ಲೋನೋ ಇದ್ದರೆ ಅವುಗಳ ಬಡ್ಡಿ ಇದಕ್ಕಿಂತ ಎಷ್ಟೋ ಹೆಚ್ಚು, ಅವನ್ನು ಮೊದಲು ತೀರಿಸಿ.

ಪ್ರಶ್ನೆ: ಮನೆಸಾಲ ಬೇಗ ತೀರಿಸಿದರೆ ತೆರಿಗೆ ವಿನಾಯಿತಿ ಕೈತಪ್ಪುತ್ತದೆ, ಸಾಲ ಇರಲಿ ಬಿಡಿ ಎಂದು ಸ್ನೇಹಿತರು ಹೇಳುತ್ತಾರೆ. ನಿಜವೇ? – ತುಮಕೂರಿನ ಓದುಗರು

ಉತ್ತರ: ನೀವು ಹೊಸ ತೆರಿಗೆ ಪದ್ಧತಿಯಲ್ಲಿದ್ದರೆ, ವಾಸದ ಮನೆಯ ಬಡ್ಡಿಗೆ ವಿನಾಯಿತಿಯೇ ಇಲ್ಲ, ಇನ್ನು ತಪ್ಪುವುದೇನು ಬಂತು? ಹಳೆ ಪದ್ಧತಿಯಲ್ಲಿ ವರ್ಷಕ್ಕೆ 2 ಲಕ್ಷದವರೆಗಿನ ಬಡ್ಡಿಯನ್ನು ಆದಾಯದಿಂದ ಕಳೆಯಬಹುದು. ಆದರೆ ಶೇ 20ರ ಹಂತದಲ್ಲಿರುವವರು 100 ರೂಪಾಯಿ ಬಡ್ಡಿ ಕಟ್ಟಿ ತೆರಿಗೆಯಲ್ಲಿ ಉಳಿಸುವುದು 20 ರೂಪಾಯಿ ಚಿಲ್ಲರೆ. ಮಿಕ್ಕ 80 ನಿಮ್ಮ ಜೇಬಿನದೇ. ಸ್ನೇಹಿತರಿಗೆ ಈ ಲೆಕ್ಕ ಹೇಳಿ ನೋಡಿ.

ಪ್ರಶ್ನೆ: 2017ರಲ್ಲಿ ಬ್ಯಾಂಕಿನಿಂದ ಮನೆಸಾಲ ಪಡೆದೆ. ರೆಪೊ ದರ (ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ) ಇಳಿಯಿತು ಎಂದು ಟಿವಿಯಲ್ಲಿ ಬರುತ್ತದೆ, ನನ್ನ ಬಡ್ಡಿ ಮಾತ್ರ ಆ ಪ್ರಮಾಣದಲ್ಲಿ ಇಳಿದಿಲ್ಲ. – ಹುಬ್ಬಳ್ಳಿಯ ಓದುಗರು

ಉತ್ತರ: 2017ರ ಸಾಲವೆಂದರೆ ಎಂಸಿಎಲ್‌ಆರ್‌ಗೆ ಅಂಟಿಕೊಂಡಿರುವ ಸಾಧ್ಯತೆ ಹೆಚ್ಚು. ಬ್ಯಾಂಕು ತನ್ನ ಸ್ವಂತ ವೆಚ್ಚ ನೋಡಿ ನಿಗದಿ ಮಾಡುವ ದರ ಅದು, ಇಳಿಯುವುದು ನಿಧಾನ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಹೊಸ ಮನೆಸಾಲಗಳಲ್ಲಿ ಬದಲಾಗುವ ಬಡ್ಡಿಯನ್ನು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸಬೇಕು, ಮೂರು ತಿಂಗಳಿಗೊಮ್ಮೆಯಾದರೂ ಪರಿಷ್ಕರಿಸಬೇಕು. 2025ರ ಫೆಬ್ರುವರಿಯಲ್ಲಿ ಇಳಿಯಲು ಶುರುವಾದ ರೆಪೊ 6.50ರಿಂದ ಜೂನ್ ಹೊತ್ತಿಗೆ 5.50ಕ್ಕೆ ಬಂದಾಗ ಅದರ ಲಾಭ ಬೇಗ ಸಿಕ್ಕಿದ್ದು ಇಂಥ ಸಾಲಗಾರರಿಗೆ. ನೀವೂ ಅರ್ಜಿ ಕೊಟ್ಟು ಆ ಕಡೆಗೆ ದಾಟಬಹುದು. ಒಂದಿಷ್ಟು ಶುಲ್ಕ ಬೀಳುತ್ತದೆ, ಎಷ್ಟು ಎಂದು ಮೊದಲೇ ಬರಹದಲ್ಲಿ ಕೇಳಿ. ಕೆಲವೇ ವರ್ಷದ ಸಾಲ ಉಳಿದಿದ್ದರೆ ಅಷ್ಟು ಲಾಭವಾಗಲಿಕ್ಕಿಲ್ಲ.

ಬಡ್ಡಿ ಇಳಿದಾಗ ಕಂತು ಇಳಿಸಿಕೊಳ್ಳಬೇಡಿ. ಮೇಲಿನ ಮೈಸೂರು ದಂಪತಿಯ ಸಾಲಕ್ಕೆ ಬಡ್ಡಿ 8.5ರಿಂದ 7.5ಕ್ಕೆ ಬಂದು, ಕಂತು ಅಷ್ಟೇ ಇದ್ದರೆ, ಒಂದು ಪೈಸೆ ಹೆಚ್ಚಿಗೆ ಕಟ್ಟದೆಯೂ 24 ಕಂತು ತಪ್ಪುತ್ತದೆ. ದರ ಏರಿದಾಗ ಆಗುವುದು ಇದರ ತಿರುಗುಮುರುಗು: ಸದ್ದಿಲ್ಲದೆ ಅವಧಿ ಬೆಳೆಯುತ್ತದೆ. ಅದಕ್ಕೇ 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು, ಕಂತು ಏರಿಸುವುದೋ ಅವಧಿ ಬೆಳೆಸುವುದೋ ಎಂಬ ಆಯ್ಕೆ ಸಾಲಗಾರನಿಗೆ ಕೊಡಬೇಕು, ಉಳಿದ ಕಂತುಗಳ ಸಂಖ್ಯೆಯನ್ನು ಮೂರು ತಿಂಗಳಿಗೊಮ್ಮೆ ತಿಳಿಸಬೇಕು ಎಂದು ಸೂಚಿಸಿತು. ಆ ಕಾಗದ ಬಂದರೆ ಓದದೆ ಪಕ್ಕಕ್ಕಿಡಬೇಡಿ.

ಪ್ರಶ್ನೆ: ಹನ್ನೊಂದು ವರ್ಷಕ್ಕೇ ಸಾಲ ಮುಗಿಸಿದೆವು. ಇನ್ನು ಬ್ಯಾಂಕಿನ ಕಡೆ ತಲೆಹಾಕುವ ಅಗತ್ಯ ಇಲ್ಲ ತಾನೇ? – ಹಾಸನದ ಓದುಗರು

ಉತ್ತರ: ಇದೆ. ಮೂಲ ಪತ್ರಗಳು ಅಲ್ಲಿವೆಯಲ್ಲ! ಪೂರ್ತಿ ಪಾವತಿಯಾದ 30 ದಿನದೊಳಗೆ ಅವನ್ನು ವಾಪಸು ಕೊಡಬೇಕು. ಬ್ಯಾಂಕಿನ ಕಡೆಯಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ನಿಮಗೆ ಪರಿಹಾರ ಸಿಗಬೇಕು. 2023ರ ಡಿಸೆಂಬರ್ 1ರಿಂದ ಈ ನಿಯಮ ಜಾರಿಯಲ್ಲಿದೆ. ಪತ್ರಗಳನ್ನು ಪಡೆಯುವಾಗ, ಸಾಲ ಪಡೆದ ದಿನ ನೀವು ಕೊಟ್ಟ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೊಂದಾಗಿ ತಾಳೆ ನೋಡಿ, ಪುಟ ಎಣಿಸಿ, ಆಮೇಲೆ ಸಹಿ ಹಾಕಿ. ಸಾಲ ತೀರಿದೆ ಎಂಬ ಪತ್ರ, ಕೊಟ್ಟಿದ್ದ ಖಾಲಿ ಚೆಕ್ಕುಗಳು, ಕಂತು ತಾನಾಗಿ ಕಡಿತವಾಗುವ ಸೂಚನೆಯ ರದ್ದತಿ ಇವನ್ನೂ ಕೇಳಿ ಪಡೆಯಿರಿ.

ಹೆಚ್ಚಿನವರು ಮರೆಯುವುದು ಉಪನೋಂದಣಾಧಿಕಾರಿ ಕಚೇರಿಯನ್ನು. ಅಡಮಾನ ಅಲ್ಲಿ ನೋಂದಣಿಯಾಗಿದ್ದರೆ, ಬ್ಯಾಂಕಿನವರಿಂದ ಋಣಮುಕ್ತಿಯ ಪತ್ರ ಮಾಡಿಸಿ ಅದನ್ನೂ ಅಲ್ಲೇ ನೋಂದಾಯಿಸಬೇಕು. ಹಾಗೆ ಮಾಡದ ಪರಿಚಯದವರೊಬ್ಬರು ಒಂಬತ್ತು ವರ್ಷದ ಮೇಲೆ ಮನೆ ಮಾರಲು ಹೊರಟಾಗ, ಆಸ್ತಿಯ ಮೇಲಿನ ಋಣ ತೋರಿಸುವ ಇಸಿ ಪತ್ರದಲ್ಲಿ ಹಳೆ ಸಾಲ ಹಾಗೇ ಕೂತಿತ್ತು. ಅಷ್ಟು ಹೊತ್ತಿಗೆ ಆ ಶಾಖೆ ಇನ್ನೊಂದರ ಜೊತೆ ಸೇರಿಹೋಗಿ, ಕಡತ ಹುಡುಕಿಸುವುದರಲ್ಲೇ ಎರಡು ತಿಂಗಳು ಕಳೆಯಿತು. ನೋಂದಣಿಯಾದ ಕೆಲವು ದಿನಕ್ಕೆ ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲಿ ಹೊಸ ಇಸಿ ತೆಗೆಸಿ. ಸಾಲದ ನಮೂದಿನ ಜೊತೆಗೆ ಋಣಮುಕ್ತಿಯ ನಮೂದೂ ಕಂಡರೆ ಅದರ ಒಂದು ಪ್ರತಿಯನ್ನು ಮೂಲ ಪತ್ರಗಳ ಜೊತೆಗೇ ಇಟ್ಟುಕೊಳ್ಳಿ.