ಹಲ್ಲಿನ ಪ್ರಶ್ನೆ: ಗಲ್ಲಾದ ಮೇಲಿನ ಚಹಾ, ಬಳೆಯಲ್ಲಿನ ಪಿನ್ನು

ಡೊಂಬಿವಲಿಯಲ್ಲಿ ಕ್ಲಿನಿಕ್ ನಡೆಸುವ ನಮ್ಮ ದಂತವೈದ್ಯೆ ಈ ಸಲ ಮುಂಬೈ ಕಡೆಯ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಸಯನ್‌ನಲ್ಲಿ ಹೋಟೆಲ್ ಗಲ್ಲಾದಲ್ಲಿ ಕೂರುವವನು. ಊರು ಕುಂದಾಪುರದ ಕಡೆ. ಸಿಹಿತಿಂಡಿ ನನಗೆ ಸೇರುವುದೇ ಇಲ್ಲ. ದಿನಾ ಬೆಳಿಗ್ಗೆ ತಪ್ಪದೆ ಹಲ್ಲುಜ್ಜುತ್ತೇನೆ. ಆದರೂ ಮೂರು ದವಡೆ ಹಲ್ಲು ಹುಳುಕಾಗಿವೆ. ನಮ್ಮ ಮಾಲೀಕರು ದಿನಾ ಊಟದ ಜೊತೆ ಜಿಲೇಬಿ ತಿನ್ನುತ್ತಾರೆ, ಅವರ ಹಲ್ಲು ಗಟ್ಟಿಯಾಗಿವೆ. ಇದ್ಯಾವ ನ್ಯಾಯ ಡಾಕ್ಟ್ರೇ?

ಉತ್ತರ: ಹೋಟೆಲಿನವರು ಕ್ಲಿನಿಕ್‌ಗೆ ಬಂದರೆ ಬಾಯಿ ತೆರೆಸುವ ಮೊದಲೇ ನಾನು ಒಂದು ಮಾತು ಕೇಳುತ್ತೇನೆ: ಗಲ್ಲಾದ ಮೇಲೆ ಚಹಾ ಗ್ಲಾಸು ಇರುತ್ತಾ? ಇದ್ದೇ ಇರುತ್ತೆ. ಬೆಳಿಗ್ಗೆಯಿಂದ ರಾತ್ರಿ ಶಟರ್ ಎಳೆಯುವ ತನಕ ಇರುತ್ತೆ. ಒಂದು ಬಿಲ್ಲು, ಒಂದು ಗುಟುಕು. ಆರಿಹೋದರೆ ಹುಡುಗ ಇನ್ನೊಂದು ಕಟಿಂಗ್ ಚಹಾ ತಂದಿಡುತ್ತಾನೆ. ಪಕ್ಕದಲ್ಲೇ ಗಿರಾಕಿಗಳಿಗೆ ಅಂತ ಇಟ್ಟ ಸೋಂಪಿನ ಬಟ್ಟಲು, ಅದೂ ಬಣ್ಣಬಣ್ಣದ ಸಕ್ಕರೆ ಮೆತ್ತಿದ ಸೋಂಪು. ಚಿಲ್ಲರೆ ಎಣಿಸುತ್ತಾ ಎಣಿಸುತ್ತಾ ಕೈ ತಾನಾಗಿ ಅಲ್ಲಿಗೆ ಹೋಗುತ್ತೆ. ಸಿಹಿ ಸೇರುವುದಿಲ್ಲ ಅಂತ ಬರೆದಿದ್ದೀರಿ, ನಂಬುತ್ತೇನೆ. ಆದರೆ ಇವೆರಡನ್ನೂ ನೀವು ಸಿಹಿಯ ಲೆಕ್ಕಕ್ಕೇ ಹಿಡಿದಿಲ್ಲ, ಅಲ್ವಾ?

ಹಲ್ಲಿನ ಮೇಲೆ ಅಂಟಿಕೊಂಡ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಸಿಕ್ಕ ಕೆಲವೇ ನಿಮಿಷದಲ್ಲಿ ಅಲ್ಲಿ ಹುಳಿ, ಅಂದರೆ ಆ್ಯಸಿಡ್, ತಯಾರಾಗುತ್ತೆ. ಹುಳಿಯ ಅಳತೆಗೆ ಪಿಎಚ್ ಅನ್ನುತ್ತೇವೆ, ಅದು ಇಳಿದಷ್ಟೂ ಹುಳಿ ಜಾಸ್ತಿ. ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮಲ್‌ನಿಂದ, ಅಂದರೆ ಹಲ್ಲಿನ ಗಟ್ಟಿ ಹೊರಪದರದಿಂದ, ಕ್ಯಾಲ್ಸಿಯಂ ಬಿಟ್ಟುಹೋಗಲು ಶುರು. ಆಮೇಲೆ ಜೊಲ್ಲು ಬಂದು ಹುಳಿ ಕಡಿಮೆ ಮಾಡಿ, ಹೋದ ಕ್ಯಾಲ್ಸಿಯಂ ಒಂದಿಷ್ಟನ್ನು ವಾಪಸ್ ಕೂರಿಸುತ್ತೆ. ಇದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ನಿಮ್ಮ ಮಾಲೀಕರು ಜಿಲೇಬಿ ತಿಂದರು, ಬಾಯಿ ತೊಳೆದರು, ಎದ್ದರು. ಅವರ ಜೊಲ್ಲಿಗೆ ಇಡೀ ಮಧ್ಯಾಹ್ನ ಬಿಡುವು. ನಿಮ್ಮದಕ್ಕೆ ಬಿಡುವೇ ಇಲ್ಲ. ಹತ್ತಕ್ಕೆ ಒಂದು ಗುಟುಕು, ಹತ್ತೂ ಕಾಲಿಗೆ ಇನ್ನೊಂದು, ನಡುವೆ ಚಿಟಿಕೆ ಸೋಂಪು. ಎಷ್ಟು ಸಕ್ಕರೆ ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದೇ ಇಲ್ಲಿ ಜಾಸ್ತಿ ಮುಖ್ಯ. (ಹಾಗಂತ ಮಾಲೀಕರಿಗೆ ಜಿಲೇಬಿಗೆ ನನ್ನ ಪರ್ಮಿಷನ್ ಇದೆ ಅಂತ ಹೇಳಬೇಡಿ. ಅವರ ಶುಗರ್ ರಿಪೋರ್ಟ್ ನಾನು ನೋಡಿಲ್ಲ.)

ಇನ್ನೊಂದು ಅನುಮಾನ. ಹೋಟೆಲ್ ಮುಚ್ಚಿ ಲೆಕ್ಕ ಮುಗಿಸಿ ನೀವು ಉಣ್ಣುವುದೇ ಹನ್ನೆರಡರ ಮೇಲೆ ಇರಬೇಕು. ಉಂಡವರೇ ಮಲಗುತ್ತೀರಿ. ನಿದ್ದೆಯಲ್ಲಿ ಜೊಲ್ಲು ತೀರಾ ಕಡಿಮೆ. ಅನ್ನದ ಅಗುಳು, ಕೊನೆಯ ಚಹಾದ ಸಕ್ಕರೆ ರಾತ್ರಿಯಿಡೀ ಅಲ್ಲೇ ಇರುತ್ತೆ. ಬೆಳಗಿನ ಬ್ರಷ್‌ಗಿಂತ ರಾತ್ರಿಯದೇ ದೊಡ್ಡದು. ಎರಡರಲ್ಲಿ ಒಂದನ್ನು ಬಿಡಲೇಬೇಕು ಅಂತ ಹಟ ಇದ್ದರೆ ಬೆಳಗಿನದನ್ನು ಬಿಡಿ, ಬೇಕಿದ್ದರೆ ನಾನೇ ಬರೆದುಕೊಡುತ್ತೇನೆ.

ಚಹಾ ಬಿಡಿ ಅಂದರೆ ನೀವು ಮುಂದಿನ ಸಂಚಿಕೆಯನ್ನೇ ಓದುವುದಿಲ್ಲ. ಕುಡಿಯಿರಿ, ಆದರೆ ಕುಡಿದು ಮುಗಿಸಿ. ಐದು ನಿಮಿಷದಲ್ಲಿ ಗ್ಲಾಸು ಖಾಲಿಯಾಗಲಿ, ಮೇಲೆ ಒಂದು ಗುಟುಕು ನೀರು ಹಾಕಿ ಮುಕ್ಕಳಿಸಿ. ನಡುನಡುವೆ ಬೇಕೇ ಬೇಕು ಅನಿಸಿದರೆ ಸಕ್ಕರೆ ಇಲ್ಲದ್ದು. ರಾತ್ರಿ ಫ್ಲೋರೈಡ್ ಇರುವ ಪೇಸ್ಟ್‌ನಲ್ಲಿ ಉಜ್ಜಿ ಉಗುಳಿ. ಆಮೇಲೆ ಚೊಂಬುಗಟ್ಟಲೆ ನೀರಿನಲ್ಲಿ ಮುಕ್ಕಳಿಸಬೇಡಿ, ಫ್ಲೋರೈಡ್ ಎಲ್ಲಾ ಮೋರಿಗೆ ಹೋಗುತ್ತೆ. ಆ ಮೂರು ಹಲ್ಲಿಗೆ ಈಗಲೇ ಸಿಮೆಂಟ್ ತುಂಬಿಸಿ. ನೋವು ಶುರುವಾದ ಮೇಲೆ ಬಂದರೆ ಮಾತು ರೂಟ್ ಕೆನಾಲ್‌ಗೆ ಹೋಗುತ್ತೆ, ಖರ್ಚೂ ಹಾಗೇ.

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ಉದ್ಯೋಗಿ, ಠಾಣೆ. ಬೆಳಿಗ್ಗೆ ಎದ್ದು ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿಯುತ್ತೇನೆ. ಕೂಡಲೇ ಹಾರ್ಡ್ ಬ್ರಷ್‌ನಲ್ಲಿ ಹತ್ತು ನಿಮಿಷ ಉಜ್ಜುತ್ತೇನೆ. ವಾರಕ್ಕೊಮ್ಮೆ ಇದ್ದಿಲ ಪುಡಿ, ಉಪ್ಪು. ಇಷ್ಟು ಶುಚಿ ಇದ್ದರೂ ತಣ್ಣೀರು ತಾಗಿದರೆ ಜುಮ್ ಅನ್ನುತ್ತದೆ.

ಉತ್ತರ: ಸರ್, ಶುಚಿ ಜಾಸ್ತಿಯಾಗಿದೆ. ಒಂದು ಕೆಲಸ ಮಾಡಿ. ಮೇಲಿನ ಕೋರೆಹಲ್ಲು ವಸಡಿಗೆ ಸೇರುವ ಜಾಗದಲ್ಲಿ ಉಗುರಿಟ್ಟು ಮೆಲ್ಲಗೆ ಕೆಳಗೆ ಎಳೆಯಿರಿ. ಉಗುರು ಒಂದು ಕಚ್ಚಿನಲ್ಲಿ ಸಿಕ್ಕಿಕೊಂಡಿತಾ? ಬಲಗೈಯವರಿಗೆ ಸಾಮಾನ್ಯವಾಗಿ ಎಡಬದಿಯಲ್ಲಿ ಇದು ಆಳ ಇರುತ್ತೆ, ಯಾಕೆಂದರೆ ಬ್ರಷ್‌ನ ಜೋರು ಬೀಳುವುದು ಅಲ್ಲೇ. ಅದು ಹುಳುಕಲ್ಲ, ನೀವೇ ಉಜ್ಜಿ ಉಜ್ಜಿ ತೆಗೆದ ಕಚ್ಚು. ಎನಾಮಲ್ ನಮ್ಮ ಮೈಯಲ್ಲೇ ಅತಿ ಗಟ್ಟಿ ವಸ್ತು, ಆದರೆ ಸವೆದುಹೋದರೆ ಮತ್ತೆ ಬೆಳೆಯುವುದಿಲ್ಲ. ಕೆಳಗಿನ ಪದರದಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ನಳಿಕೆಗಳಿವೆ. ತಣ್ಣೀರು ತಾಗಿದ ಸುದ್ದಿ ಅವುಗಳ ಮೂಲಕ ನೇರ ನರಕ್ಕೆ ಮುಟ್ಟುತ್ತೆ.

ನಿಂಬೆರಸ ಎನಾಮಲ್‌ನ ಮೇಲ್ಪದರವನ್ನು ಮೆತ್ತಗೆ ಮಾಡುತ್ತೆ. ಆ ಹೊತ್ತಿಗೇ ನೀವು ಹಾರ್ಡ್ ಬ್ರಷ್ ಹಿಡಿದು ನಿಲ್ಲುತ್ತೀರಿ. ಕುಡಿಯುವುದಿದ್ದರೆ ಹಲ್ಲುಜ್ಜಿದ ಮೇಲೆ ಕುಡಿಯಿರಿ, ಇಲ್ಲವೇ ಕುಡಿದು ಒಂದು ಗಂಟೆ ಬಿಟ್ಟು ಉಜ್ಜಿ. ಕೋಕಂ (ನಮ್ಮ ಪುನರ್ಪುಳಿ) ಶರಬತ್ತು, ಸೋಡಾ ಎಲ್ಲಕ್ಕೂ ಇದೇ ಮಾತು. ಬ್ರಷ್ ಸಾಫ್ಟ್ ಇರಲಿ, ಎರಡು ನಿಮಿಷ ಸಾಕು, ಮುಷ್ಟಿ ಕಟ್ಟಿ ಹಿಡಿಯದೆ ಪೆನ್ನು ಹಿಡಿದ ಹಾಗೆ ಹಿಡಿಯಿರಿ. ಇದ್ದಿಲ ಪುಡಿಯನ್ನು ಪಾತ್ರೆ ತಿಕ್ಕಲು ಇಟ್ಟುಕೊಳ್ಳಿ.

ಪ್ರಶ್ನೆ: ನಾವು ವಿಜಯಪುರ ಕಡೆಯವರು, ಈಗ ಗೋವಂಡಿಯಲ್ಲಿ ಇದ್ದೇವೆ. ಅವ್ವ ಇಲ್ಲಿಗೆ ಬಂದ ಮೇಲೆ ಪಕ್ಕದ ಮನೆಯವರನ್ನು ನೋಡಿ ಮಿಶ್ರಿ ಹಚ್ಚುವುದು ಕಲಿತಳು. ಹಲ್ಲುನೋವಿಗೆ ಇದೇ ಔಷಧಿ ಅಂತಾಳೆ. ನಿಜಾನಾ?

ಉತ್ತರ: ಮಿಶ್ರಿ ಅಂದರೆ ತಂಬಾಕಿನ ಎಲೆಯನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಮಾಡಿದ ಪುಡಿ. ಗುಟ್ಕಾವನ್ನು ಮಹಾರಾಷ್ಟ್ರ ಸರ್ಕಾರ 2012ರಲ್ಲೇ ನಿಷೇಧಿಸಿತು. ಆದರೆ ಅಡುಗೆಮನೆಯ ಹಂಚಿನ ಮೇಲೆ ಹುರಿಯುವುದನ್ನು ಯಾರು ತಡೆಯುತ್ತಾರೆ? ನೋವು ಸ್ವಲ್ಪ ಹೊತ್ತು ಮರೆತ ಹಾಗಾಗುವುದು ನಿಜ. ಅದು ಔಷಧಿಯ ಗುಣ ಅಲ್ಲ, ತಂಬಾಕಿನ ಅಮಲು. ಹುಳುಕು ಒಳಗೊಳಗೇ ಮುಂದೆ ಹೋಗುತ್ತಿರುತ್ತೆ. ಇನ್ನೊಂದು ಮೋಸ ಇದೆ. ತಂಬಾಕಿನಿಂದ ವಸಡಿನ ರಕ್ತನಾಳ ಕುಗ್ಗುತ್ತವೆ, ಹಾಗಾಗಿ ವಸಡು ಹಾಳಾಗಿದ್ದರೂ ರಕ್ತ ಬರುವುದು ಕಡಿಮೆ. ನೋಡಿದವರಿಗೆ ವಸಡು ಚೆನ್ನಾಗಿದೆ ಅನ್ನಿಸುತ್ತೆ.

ಅವ್ವನನ್ನು ಬೈಯಬೇಡಿ, ಬೈದರೆ ಬಚ್ಚಲಿಗೆ ಹೋಗಿ ಹಚ್ಚಿಕೊಳ್ಳುತ್ತಾರೆ. ಹಗಲು ಬೆಳಕಿನಲ್ಲಿ ಕೂರಿಸಿ ಕೆಳತುಟಿ ಎಳೆದು ನೋಡಿ, ಕೆನ್ನೆಯ ಒಳಬದಿ ನೋಡಿ. ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ? ಎರಡು ವಾರ ಕಳೆದರೂ ಮಾಯದ ಹುಣ್ಣು? ಇದ್ದರೆ ನಾಳೆ ಅನ್ನಬೇಡಿ, ಬಾಯಿ ಕ್ಯಾನ್ಸರ್ ಶುರುವಾಗುವುದು ಹೀಗೇ. ಮುಂಬೈ ಸೆಂಟ್ರಲ್‌ನಲ್ಲಿ ನಾಯರ್ ಡೆಂಟಲ್ ಕಾಲೇಜು ಇದೆ, ಸಿಎಸ್‌ಎಂಟಿ ರೈಲು ನಿಲ್ದಾಣದ ಹತ್ತಿರ ಸರ್ಕಾರಿ ಡೆಂಟಲ್ ಕಾಲೇಜು ಇದೆ. ಕ್ಯೂ ಉದ್ದ, ಆದರೆ ಖರ್ಚು ಕಡಿಮೆ. ಮಚ್ಚೆ ಇಲ್ಲದಿದ್ದರೂ ಒಮ್ಮೆ ತೋರಿಸಿ, ಆ ನೋವಿನ ಹಲ್ಲಿಗೆ ಚಿಕಿತ್ಸೆ ಮಾಡಿಸಿ. ನೋವೇ ಹೋದರೆ ಮಿಶ್ರಿಗೆ ಇರುವ ನೆಪ ಅರ್ಧ ಹೋಗುತ್ತೆ. ಉಳಿದರ್ಧಕ್ಕೆ, ತಂಬಾಕು ಬಿಡಲು ಸಹಾಯ ಮಾಡುವ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-11-2356.

ಪ್ರಶ್ನೆ: ಆಸ್ಪಿರಿನ್ ಮಾತ್ರೆಯನ್ನು ನೋವಿರುವ ಹಲ್ಲಿನ ಪಕ್ಕ ಒತ್ತಿ ಇಟ್ಟುಕೊಳ್ಳಬಹುದಾ? (ಓದುಗರು, ಭಾಂಡುಪ್)

ಉತ್ತರ: ಬೇಡ. ವಸಡು ಸುಟ್ಟು ಬೆಳ್ಳಗಾಗುತ್ತೆ. ಹಲ್ಲುನೋವಿನ ಜೊತೆ ಸುಟ್ಟ ಗಾಯ ಬೋನಸ್.

ಪ್ರಶ್ನೆ: ಊಟ ಆದ ಮೇಲೆ ಬಳೆಗೆ ಸಿಕ್ಕಿಸಿಕೊಂಡ ಪಿನ್ನಿನಿಂದ ಹಲ್ಲಿನ ಸಂದಿ ಕೆದಕದಿದ್ದರೆ ನನಗೆ ಸಮಾಧಾನವೇ ಇಲ್ಲ. ಮಗಳು ಬೈಯುತ್ತಾಳೆ. (ಗೃಹಿಣಿ, ಮುಲುಂಡ್)

ಉತ್ತರ: ಮಗಳು ಸರಿ. ಆದರೆ ನನಗೆ ಬೇರೆ ಕುತೂಹಲ ಇದೆ. ದಿನಾ ಒಂದೇ ಸಂದಿಯಾ? ಹಾಗಿದ್ದರೆ ಅದು ಸುಮ್ನೆ ಅಭ್ಯಾಸ ಅಲ್ಲ. ಎರಡು ಹಲ್ಲು ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಲಿ ಆಹಾರ ಸಿಕ್ಕುವುದು ಅಪರೂಪ. ದಿನಾ ಸಿಕ್ಕುತ್ತಿದೆ ಅಂದರೆ ಸಂದಿಯಲ್ಲಿ ಹುಳುಕಾಗಿದೆ, ಹಳೆಯ ಸಿಮೆಂಟ್ ಮುರಿದಿದೆ, ಅಥವಾ ಪಕ್ಕದ ಹಲ್ಲು ಕೀಳಿಸಿದ್ದರಿಂದ ಇದು ವಾಲಿದೆ. ಪಿನ್ನು ಚುಚ್ಚಿ ಚುಚ್ಚಿ ವಸಡು ಕೆಳಗೆ ಸರಿದರೆ ಸಂದಿ ಇನ್ನೂ ಅಗಲ, ಆಮೇಲೆ ಇನ್ನೂ ಜಾಸ್ತಿ ಸಿಕ್ಕುತ್ತೆ. ಸದ್ಯಕ್ಕೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಫ್ಲಾಸ್ ದಾರ, ಇಲ್ಲವೇ ಸಂದಿಗೆ ಅಂತಲೇ ಇರುವ ಪುಟ್ಟ ಬ್ರಷ್ ತಂದುಕೊಳ್ಳಿ. ಹತ್ತಿರದ ಡೆಂಟಿಸ್ಟ್ ಹತ್ತಿರ ಹೋಗಿ ಆ ಸಂದಿ ಯಾವುದು ಅಂತ ಬೆರಳಿಟ್ಟು ತೋರಿಸಿ, ಒಂದು ಎಕ್ಸ್‌ರೇ ತೆಗೆದು ನೋಡುತ್ತಾರೆ.