ಓದುಗರ ಪ್ರಶ್ನೆ: ಅಕ್ವೇರಿಯಂ ಫೋಟೋದಲ್ಲಿ ಬಣ್ಣ ಯಾಕೆ ಕೆಡುತ್ತದೆ?

ಪ್ರಶ್ನೆ: ಮನೆಯಲ್ಲಿ ಮೂರಡಿಯ ಗಿಡಗಳ ಟ್ಯಾಂಕ್ ಇದೆ. ನಿಯಾನ್ ಟೆಟ್ರಾ, ಮಿಸ್ ಕೇರಳ ಮೀನುಗಳನ್ನು ಸಾಕಿದ್ದೇನೆ. ಫೋನಿನಲ್ಲಿ ತೆಗೆದರೆ ಬಿಳಿ ಮರಳು ಒಂದು ಫೋಟೋದಲ್ಲಿ ಗುಲಾಬಿ, ಇನ್ನೊಂದರಲ್ಲಿ ನೀಲಿ. ಮಿಸ್ ಕೇರಳದ ಕೆಂಪು ಗೆರೆಯಂತೂ ಬಣ್ಣ ಮೆತ್ತಿದ ಹಾಗೆ. ಫೋನ್ ಬದಲಾಯಿಸಲಾ? (ಓದುಗರು, ಶಿವಮೊಗ್ಗ)

ಉತ್ತರ: ಬೇಡ, ದುಡ್ಡು ದಂಡ. ಆಟೋ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಫೋನ್ ತಾನೇ ಬಣ್ಣ ಹೊಂದಿಸುವುದು) ಬಿಟ್ಟು, ಸೆಟ್ಟಿಂಗುಗಳನ್ನು ನೀವೇ ಬದಲಿಸಬಹುದಾದ ಕ್ಯಾಮೆರಾದ ಪ್ರೊ ಮೋಡ್‌ಗೆ ಬನ್ನಿ. ಬೆಳಕು ಯಾವ ಬಣ್ಣದ್ದು ಅಂತ ಆಟೋ ಪ್ರತಿ ಸಲ ಊಹೆ ಮಾಡುತ್ತದೆ. ಟ್ಯಾಂಕಿನ ತುಂಬಾ ಗಿಡ ಇದ್ದಾಗ ಹಸಿರು ಜಾಸ್ತಿಯಾಯಿತು ಅಂದುಕೊಂಡು ಅದನ್ನು ಇಳಿಸುತ್ತದೆ, ಆಗ ಪಾಪ ಮರಳು ಗುಲಾಬಿಯಾಗುತ್ತದೆ.

ಮೊದಲು ರೂಮಿನ ಟ್ಯೂಬ್‌ಲೈಟ್, ಟಿವಿ ಆರಿಸಿ, ಕಿಟಕಿ ಪರದೆ ಎಳೆಯಿರಿ. ಟ್ಯಾಂಕಿನ ಲೈಟ್ ಒಂದೇ ಉರಿಯಲಿ. ಎರಡು ಮೂರು ಥರದ ಬೆಳಕು ಬೆರೆತರೆ ಯಾವ ಸೆಟ್ಟಿಂಗೂ ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಒಂದು ಬಿಳಿ ಪ್ಲಾಸ್ಟಿಕ್ ಚಮಚವನ್ನು ಚೆನ್ನಾಗಿ ತೊಳೆದು ನೀರೊಳಗೆ, ಮೀನು ಓಡಾಡುವ ಜಾಗದಲ್ಲೇ ಹಿಡಿಯಿರಿ. ಗಾಜಿನ ಹೊರಗೆ ಹಿಡಿದರೆ ಪ್ರಯೋಜನವಿಲ್ಲ, ಯಾಕೆಂದರೆ ಗಾಜಿಗೇ ಸ್ವಲ್ಪ ಹಸಿರು ಛಾಯೆ ಇರುತ್ತದೆ, ಒಳಗೆ ಮರದ ತುಂಡು ಹಾಕಿದ್ದರೆ ನೀರು ಚಹಾ ಬಣ್ಣಕ್ಕೆ ತಿರುಗಿರುತ್ತದೆ, ಇದೆಲ್ಲ ಲೆಕ್ಕಕ್ಕೆ ಬರಬೇಕಲ್ವಾ? ವೈಟ್ ಬ್ಯಾಲೆನ್ಸನ್ನು 6500 ಕೆಲ್ವಿನ್‌ನಲ್ಲಿಟ್ಟು (ಬೆಳಕಿನ ಬಣ್ಣ ಅಳೆಯುವ ಅಳತೆ ಅದು), ಚಮಚ ಬಿಳಿಯಾಗಿ ಕಾಣುವವರೆಗೆ ಆಚೀಚೆ ಸರಿಸಿ. ಅದೇ ಸೆಟ್ಟಿಂಗಿನಲ್ಲಿ ಚಮಚದ್ದೇ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಹಸಿರು ಅಥವಾ ಗುಲಾಬಿ ಛಾಯೆ ಉಳಿದರೆ ಕೆಲ್ವಿನ್ ಸ್ಲೈಡರ್‌ನಿಂದ ಹೋಗುವುದಿಲ್ಲ. ಅದಕ್ಕೇ ರಾ ಫೈಲ್‌ನಲ್ಲಿ (ಫೋನ್ ಬಣ್ಣ ತಿದ್ದಿ ಮುಗಿಸದ ಕಚ್ಚಾ ಫೋಟೋ) ತೆಗೆದು, ಫೋಟೋ ತಿದ್ದುವ ಲೈಟ್‌ರೂಮ್ ಆ್ಯಪ್‌ನಲ್ಲಿ ಟಿಂಟ್, ಅಂದರೆ ಹಸಿರು-ಗುಲಾಬಿ ಛಾಯೆ, ಸರಿಮಾಡುವುದು ಒಳ್ಳೆಯದು.

ಕೆಂಪು ಗೆರೆಯ ಕಥೆ ಬೇರೆ. ಅದು ಎಕ್ಸ್‌ಪೋಷರ್, ಅಂದರೆ ಕ್ಯಾಮೆರಾಗೆ ಎಷ್ಟು ಬೆಳಕು ಬೀಳುತ್ತದೆ ಅನ್ನುವುದರ ಸಮಸ್ಯೆ. ಹಿನ್ನೆಲೆ ಕಪ್ಪಗಿದ್ದರೆ ಫೋನ್ ಇಡೀ ಚಿತ್ರವನ್ನು ಬೆಳಗಿಸಲು ಹೋಗುತ್ತದೆ, ಕೆಂಪು ತುಂಬಿ ತುಳುಕಿ ಅದರೊಳಗಿನ ಹುರುಪೆಯ ಗೆರೆಗಳೆಲ್ಲ ಅಳಿಸಿಹೋಗುತ್ತವೆ. ಸ್ವಲ್ಪ ಕತ್ತಲೆ ಅನ್ನಿಸುವಷ್ಟು ಇಳಿಸಿಯೇ ತೆಗೆಯಿರಿ, ಆಮೇಲೆ ಏರಿಸಬಹುದು. ಶಟರ್ 1/125 ಸೆಕೆಂಡಿಗಿಂತ ನಿಧಾನವಾದರೆ ಓಡಾಡುವ ಈ ಮೀನು ಫೋಟೋದಲ್ಲಿ ಮಸುಕಾಗುತ್ತದೆ. ಅಡ್ಡ ಪಟ್ಟಿಗಳು ಕಂಡರೆ ಎಲ್‌ಇಡಿಯನ್ನು ಡಿಮ್ ಮಾಡಿರಬಹುದು, ಪೂರ್ತಿ ಏರಿಸಿ ನೋಡಿ. ಗಾಜಿಗೆ ನೇರವಾಗಿ ನಿಲ್ಲಿ, ಓರೆಯಾಗಿ ತೆಗೆದರೆ ಅಂಚುಗಳಲ್ಲಿ ಬಣ್ಣ ಒಡೆಯುತ್ತದೆ.

ನಿಯಾನ್ ಟೆಟ್ರಾದ ನೀಲಿ ವಿಷಯದಲ್ಲಿ ಮಾತ್ರ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ಅದು ಬಣ್ಣದ ಪುಡಿಯಲ್ಲ, ಚರ್ಮದೊಳಗಿನ ಸಣ್ಣ ಹರಳುಗಳು ಬೆಳಕನ್ನು ಹಿಂದಿರುಗಿಸುವ ಆಟ. ಮೀನು ತಿರುಗಿದರೆ ಬಣ್ಣವೂ ತಿರುಗುತ್ತದೆ. ಲೈಟ್ ಹಾಕಿದ ತಕ್ಷಣ ಮೀನುಗಳು ಮಂಕಾಗಿರುತ್ತವೆ, ಅರ್ಧ ಗಂಟೆ ಬಿಡಿ.

ಕೇಳದಿದ್ದರೂ ಒಂದು ಮಾತು: ಮಿಸ್ ಕೇರಳ ಅರ್ಧ ಅಡಿ ಹತ್ತಿರ ಬೆಳೆಯುತ್ತದೆ, ಮೂರಡಿ ಟ್ಯಾಂಕ್ ಸಾಲದು. ಅದು ನಮ್ಮ ಪಶ್ಚಿಮ ಘಟ್ಟದ ತೊರೆಗಳ ಮೀನು, ಅಳಿವಿನ ಅಂಚಿನಲ್ಲಿದೆ. ಮುಂದೆ ಕೊಳ್ಳುವಾಗ ಹೊಳೆಯಿಂದ ಹಿಡಿದದ್ದಾ, ಮರಿ ಮಾಡಿಸಿದ್ದಾ ಅಂತ ಕೇಳಿ.

ಪ್ರಶ್ನೆ: ನನ್ನದು ಹವಳದ ಟ್ಯಾಂಕ್. ಏನು ಮಾಡಿದರೂ ಫೋಟೋ ಬರೀ ನೀಲಿ. (ಓದುಗರು, ಬೆಂಗಳೂರು)

ಉತ್ತರ: ನಿಮ್ಮ ಲೈಟಿನಲ್ಲಿ ಇರುವುದೇ ಬಹುಪಾಲು ನೀಲಿ, 420ರಿಂದ 460 ನ್ಯಾನೋಮೀಟರ್ ಸುತ್ತಮುತ್ತಲಿನದು. ಸಾಮಾನ್ಯವಾಗಿ ಸ್ಲೈಡರ್ 10000 ಕೆಲ್ವಿನ್‌ಗೇ ನಿಂತುಬಿಡುತ್ತದೆ, ಅದು ಸಾಲುವುದಿಲ್ಲ. ಲೆನ್ಸಿಗೆ ಸಿಕ್ಕಿಸುವ ಕಿತ್ತಳೆ ಅಥವಾ ಹಳದಿ ಫಿಲ್ಟರ್ ಹಾಕಿ. ಬರೀ ಮೀನಿನ ಫೋಟೋ ಸಾಕು ಅಂದರೆ ಐದು ನಿಮಿಷ ಬಿಳಿ ಲೈಟ್ ಏರಿಸಿದರೂ ಆಯಿತು. ಹವಳದ ಹೊಳಪು ಬೇಕಾದರೆ ಅದು ಆಗುವುದಿಲ್ಲ, ಆ ಹೊಳಪು ಹುಟ್ಟುವುದೇ ನೀಲಿ ಬೆಳಕಿನಲ್ಲಿ. ಮೇಲೆ ಹೇಳಿದ ಚಮಚ ಇಲ್ಲಿ ಬೇಡ. ಕೆಲವು ಬಿಳಿ ಪ್ಲಾಸ್ಟಿಕ್‌ಗಳು ಈ ಬೆಳಕಿನಲ್ಲಿ ತಾವೇ ಮಿನುಗುತ್ತವೆ. ಬಣ್ಣ ಹೊಂದಿಸಲೆಂದೇ ಸಿಗುವ ಬೂದು ಬಣ್ಣದ ಗ್ರೇ ಕಾರ್ಡ್ ಬಳಸಿ.

ಪ್ರಶ್ನೆ: ಫ್ಲ್ಯಾಶ್ ಹಾಕಬಹುದಾ? (ಓದುಗರು, ಧಾರವಾಡ)

ಉತ್ತರ: ಫೋನಿನದ್ದು ಬೇಡ, ಗಾಜಿನಲ್ಲಿ ಅದೇ ಕಾಣುತ್ತದೆ. ಬೇರೆ ಫ್ಲ್ಯಾಶ್ ಇದ್ದರೆ ಟ್ಯಾಂಕಿನ ಮೇಲಿಂದ ಕೆಳಮುಖವಾಗಿ ಹಾರಿಸಿ, ವೈಟ್ ಬ್ಯಾಲೆನ್ಸ್ 5500 ಕೆಲ್ವಿನ್ ಹತ್ತಿರ ಇಡಿ.